ಆಕಾಶದ ಹಾದಿಯಲ್ಲಿ ಸೊಂಟದ ಪಟ್ಟಿ

ಚಳ್ಳಕೆರೆಯ ಪೇಟೆಗೆ ಶೇಂಗಾ ಹೇರಿಕೊಂಡು ಬರುವ ರೈತನು ಒಂದು ಕೆಲಸವನ್ನು ಎಂದಿಗೂ ಮರೆಯುವುದಿಲ್ಲ. ಕಣದಲ್ಲಿ ಚೀಲಗಳನ್ನೇರಿಸಿ ಮುಗಿದ ಕೂಡಲೆ, ಎತ್ತು ಹೂಡುವುದಕ್ಕೂ ಮೊದಲು, ಅವನು ಹೇರಿಗೆ ಹಗ್ಗವನ್ನು ಬಿಗಿಯುತ್ತಾನೆ. ಕಣದಿಂದ ಹೊರಟ ಹಾದಿಯು ಹರದಾರಿಗಟ್ಟಲೆ ಸಮನಾಗಿಯೇ ಇರಬಹುದು. ಆದರೂ ಹಳ್ಳ ಬಂದಾಗ ಬಿಗಿದರಾಯಿತೆಂದು ಅವನು ಕಾಯುವುದಿಲ್ಲ. ಚಕ್ರವು ಹಳ್ಳಕ್ಕಿಳಿದ ಮೇಲೆ ಹಗ್ಗವನ್ನು ಹುಡುಕುವಷ್ಟು ಹೊತ್ತು ದೊರೆಯುವುದಿಲ್ಲವೆಂಬುದನ್ನು ಅವನ ಅಜ್ಜ ಬಲ್ಲವನಾಗಿದ್ದನು, ಅಪ್ಪ ಬಲ್ಲವನಾಗಿದ್ದನು, ಅವನೂ ಬಲ್ಲನು. ಈಗ ಗಾಡಿಗಳು ಕಡಮೆಯಾಗಿ ಟ್ರ್ಯಾಕ್ಟರು ಲಾರಿಗಳು ಬಂದಿವೆ. ಹಗ್ಗ ಮಾತ್ರ ಹೋಗಿಲ್ಲ.

ಚೀಲದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಮ್ಮ ಜನರು ತಮ್ಮ ಮೈಯ ವಿಷಯದಲ್ಲಿ ಅದೇ ಎಚ್ಚರವನ್ನು ತೋರುತ್ತಿಲ್ಲವೆಂಬುದನ್ನು ವ್ಯಸನದಿಂದ ಹೇಳಬೇಕಾಗಿದೆ. ನಾವು ಹೇಳಹೊರಟಿರುವುದು ವಿಮಾನದಲ್ಲಿ ಕುಳಿತವರು ಸೊಂಟಕ್ಕೆ ಬಿಗಿಯಬೇಕಾದ ಪಟ್ಟಿಯ, ಅಂದರೆ ಸೀಟ್ ಬೆಲ್ಟಿನ, ವಿಚಾರವನ್ನು. ಇದೇನು ಪತ್ರಿಕೆಯ ಈ ಪುಟಕ್ಕೆ ತಕ್ಕ ವಿಷಯವೇ ಎಂದು ಕೆಲವು ವಾಚಕರು ನಗಬಹುದು. ಒಂದು ಪೀಳಿಗೆಯ ಹಿಂದೆಯಾಗಿದ್ದರೆ ನಾವೂ ನಗುತ್ತಿದ್ದೆವು. ಈಗ ಹಾಗಲ್ಲ. 2008ರಲ್ಲಿ ದೇವನಹಳ್ಳಿಯ ನಿಲ್ದಾಣವು ತೆರೆಯಿತು. 2023ರಲ್ಲಿ ಶಿವಮೊಗ್ಗೆಯ ನಿಲ್ದಾಣವು ತೆರೆಯಿತು. ಮಕ್ಕಳನ್ನು ಹೊರದೇಶದಲ್ಲಿ ಓದಿಗಿಟ್ಟಿರುವ ಉಪಾಧ್ಯಾಯರು, ದೆಹಲಿಯ ಕಚೇರಿಗಳಿಗೆ ಅಲೆಯುವ ಗುಮಾಸ್ತರು, ಕಾಶೀಯಾತ್ರೆಗೆ ಹೊರಟ ವೃದ್ಧರು, ಎಣ್ಣೆಯ ಗಿರಣಿಗಳ ಯಜಮಾನರು, ಮೊಳಕಾಲ್ಮೂರಿನ ಸೀರೆಯ ವ್ಯಾಪಾರಿಗಳು, ಎಲ್ಲರೂ ವಿಮಾನವನ್ನೇರುತ್ತಿದ್ದಾರೆ. ಏರುವುದನ್ನು ಕಲಿತೆವು, ಕೂರುವುದನ್ನು ಇನ್ನೂ ಕಲಿತಿಲ್ಲ.

ಮಿತ್ರರ ತಲೆಯ ಪೆಟ್ಟು

ಕಳೆದ ಬೇಸಗೆಯಲ್ಲಿ ಮೊಳಕಾಲ್ಮೂರಿನ ನಮ್ಮ ಮಿತ್ರರೊಬ್ಬರು ನಮ್ಮ ಕಚೇರಿಗೆ ಬಂದರು. ರೇಷ್ಮೆಯ ಸೀರೆಯ ವ್ಯಾಪಾರದವರು, ಅರುವತ್ತು ದಾಟಿದವರು, ಕನ್ನಡವನ್ನೂ ತೆಲುಗನ್ನೂ ನಿರರ್ಗಳವಾಗಿ ಆಡುವವರು. ತಲೆಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಕತ್ತನ್ನು ಹೊರಳಿಸಲಾರದೆ ಮೈಯನ್ನೇ ತಿರುಗಿಸಿ ಮಾತನಾಡುತ್ತಿದ್ದರು. ಬಸ್ಸಿನಿಂದ ಬಿದ್ದಿರೇ ಎಂದು ಕೇಳಿದೆವು. "ಇಲ್ಲ ಸ್ವಾಮಿ, ಕುಳಿತಲ್ಲಿಂದಲೇ ಮೇಲಕ್ಕೆ ಬಿದ್ದೆ" ಎಂದರು.

ನಡೆದುದಿಷ್ಟು. ದೆಹಲಿಯಲ್ಲಿ ಸೀರೆಗಳ ಪ್ರದರ್ಶನವನ್ನು ಮುಗಿಸಿಕೊಂಡು ಬೆಂಗಳೂರಿಗೆ ಹಿಂದಿರುಗುತ್ತಿದ್ದರು. ವಿಮಾನವು ಮೇಲೇರಿ ಸಮನಾದ ಮೇಲೆ, ಪಟ್ಟಿ ಬಿಗಿಯಿರೆಂದು ಸೂಚಿಸುವ ದೀಪವು ಆರಿತು. ಸುತ್ತಲೂ ಟಕಟಕನೆ ಕೊಂಡಿಗಳು ಬಿಚ್ಚಿಕೊಂಡ ಸದ್ದಾಯಿತು. ಇವರೂ ಬಿಚ್ಚಿ ನಿದ್ದೆಹೋದರು. ನಡುಹಾದಿಯಲ್ಲಿ ಧ್ವನಿವರ್ಧಕದಲ್ಲಿ ಏನನ್ನೋ ಹಿಂದಿಯಲ್ಲಿಯೂ ಇಂಗ್ಲೀಷಿನಲ್ಲಿಯೂ ಹೇಳಿದರು. ಊಟದ ವಿಚಾರವಿರಬಹುದೆಂದು ಇವರು ಕಣ್ಣು ತೆರೆಯಲಿಲ್ಲ. ಕೆಲವೇ ನಿಮಿಷಗಳಲ್ಲಿ ವಿಮಾನವು ಕಾಲ ಕೆಳಗಿನ ಹಲಗೆ ಜಾರಿದಂತೆ ಕೆಳಗೆ ಸರಿಯಿತು. ಇವರ ನೆತ್ತಿಯು ಮೇಲಿನ ಸಾಮಾನಿನ ಗೂಡಿಗೆ ಬಡಿಯಿತು; ಮತ್ತೆ ಕೆಳಗೆ ಬಿದ್ದಾಗ ಕತ್ತು ಉಳುಕಿತು. ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬನು ಪಟ್ಟಿಯನ್ನು ಬಿಚ್ಚದೆ ಕುಳಿತಿದ್ದನು. ಅವನಿಗಾದ ನಷ್ಟವೆಂದರೆ ಅಂಗಿಯ ಮೇಲೆ ಚೆಲ್ಲಿದ ಒಂದು ಲೋಟ ಕಾಫಿ.

"ನೆಲ ಬಿಡುವಾಗ, ನೆಲ ಮುಟ್ಟುವಾಗ ಪಟ್ಟಿ ಕಟ್ಟಬೇಕೆಂದು ಬಲ್ಲೆ. ನಡುವೆಯೂ ಕಟ್ಟಿರಬೇಕೆಂದು ನನಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಲಿಲ್ಲ" ಎಂದರು ಮಿತ್ರರು. ಆ ಮಾತು ನಮ್ಮನ್ನೂ ಚುಚ್ಚಿತು. ಏಕೆಂದರೆ ಇಂಗ್ಲೀಷ್ ತಿಳಿದ ನಾವೂ ಅಂದಿನವರೆಗೆ ದೀಪ ಆರಿದೊಡನೆ ಕೊಂಡಿಯನ್ನು ಬಿಚ್ಚುತ್ತಿದ್ದವರೇ. ಅವರಿಗೆ ತಿಳಿಯಲಿಲ್ಲ, ನಮಗೆ ತಿಳಿದೂ ಮನಸ್ಸಿಗೆ ನಾಟಿರಲಿಲ್ಲ. ಫಲದಲ್ಲಿ ಏನೂ ಭೇದವಿಲ್ಲ.

ಗಾಳಿಯ ಏರುಪೇರು

ವಿಮಾನವು ಹೀಗೆ ಎಗರಿ ಬೀಳುವುದಕ್ಕೆ ಕಾರಣವಾದ ಗಾಳಿಯ ಕಲಕಾಟವನ್ನು ವಾಯುಕ್ಷೋಭೆ ಎನ್ನಬಹುದು. ಅದು ನಮ್ಮ ತಾಲ್ಲೂಕುಗಳವರಿಗೆ ಅಪರಿಚಿತವಾದುದಲ್ಲ. ಚೈತ್ರ ವೈಶಾಖಗಳಲ್ಲಿ ಚಳ್ಳಕೆರೆಯ ಬಯಲಿನಲ್ಲಿ ನಿಂತವರು ಧೂಳಿನ ಕಂಬವೊಂದು ಎದ್ದು, ತರಗೆಲೆಗಳನ್ನು ಸುತ್ತಿಕೊಂಡು, ಹೊಲದಿಂದ ಹೊಲಕ್ಕೆ ಓಡುವುದನ್ನು ಕಂಡೇ ಇರುತ್ತಾರೆ. ಕಾದ ನೆಲವು ತನ್ನ ಮೇಲಣ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿಯು ಹಗುರವಾಗಿ ಮೇಲೇಳುತ್ತದೆ. ಅದರ ಎಡೆಯನ್ನು ತುಂಬಲು ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಧೂಳಿರುವಲ್ಲಿ ಸುಂಟರಗಾಳಿಯಾಗಿ ಇದು ನಮ್ಮ ಕಣ್ಣಿಗೆ ಬೀಳುತ್ತದೆ. ಧೂಳಿಲ್ಲದ ಮೇಲಿನ ಆಕಾಶದಲ್ಲಿ ಇದೇ ಏರಿಳಿತವು ಕಣ್ಣಿಗೆ ಬೀಳದೆ ನಡೆಯುತ್ತಿರುತ್ತದೆ. ಬಿಸಿಲೇರಿದ ಮೇಲೆ ನಿಲ್ದಾಣಕ್ಕಿಳಿಯುವ ವಿಮಾನವು ಕಲ್ಲುಹಾದಿಯ ಜಟಕಾದಂತೆ ಕುಲುಕುವುದು ಇದರಿಂದಲೇ.

ಎರಡನೆಯದು ಗುಡುಗಿನ ಮೋಡದ ಕ್ಷೋಭೆ. ಭರಣಿ ಕೃತ್ತಿಕೆಗಳಲ್ಲಿ ಸಂಜೆಯ ಹೊತ್ತು ಬೆಟ್ಟದಂತೆ ಎದ್ದುನಿಲ್ಲುವ ಕಾರ್ಮೋಡದ ಹೊಟ್ಟೆಯಲ್ಲಿ ಗಾಳಿಯು ಭಯಂಕರ ವೇಗದಿಂದ ಮೇಲಕ್ಕೂ ಕೆಳಕ್ಕೂ ನುಗ್ಗುತ್ತಿರುತ್ತದೆ. ಇದನ್ನು ಚಾಲಕರು ದೂರದಿಂದಲೇ ಅರಿತು ಸುತ್ತುಹಾದಿ ಹಿಡಿಯುತ್ತಾರೆ. ವಿಮಾನದ ಮೂತಿಯಲ್ಲಿರುವ ರೇಡಾರ್ ಯಂತ್ರವು ಮೋಡದೊಳಗಿನ ನೀರ ಹನಿಗಳನ್ನು ಕಂಡು ತಿಳಿಸುತ್ತದೆ. ಮೂರನೆಯದು ಬೆಟ್ಟಗಳ ಕ್ಷೋಭೆ. ಹರಿಯುವ ಹೊಳೆಯು ಬಂಡೆಯನ್ನು ದಾಟಿದ ಮೇಲೆ ಅಲೆಯಲೆಯಾಗಿ ಕುದಿಯುವಂತೆ, ಬೀಸುವ ಗಾಳಿಯು ಬೆಟ್ಟವನ್ನು ದಾಟಿದ ಮೇಲೆ ಮಡಿಮಡಿಯಾಗಿ ಏಳುತ್ತದೆ. ನಮ್ಮ ಜಿಲ್ಲೆಯ ಗಾಳಿಯ ಬಲವು ಎಷ್ಟೆಂಬುದಕ್ಕೆ ಚಿತ್ರದುರ್ಗದ ಬೆಟ್ಟಸಾಲುಗಳ ಮೇಲೆ ತಿರುಗುತ್ತಿರುವ ವಿದ್ಯುತ್ತಿನ ಗಾಳಿಯಂತ್ರಗಳೇ ಸಾಕ್ಷಿ.

ನಾಲ್ಕನೆಯದೇ ನಿಜವಾದ ಗುಪ್ತಶತ್ರು. ಮೋಡವಿಲ್ಲ, ಮಿಂಚಿಲ್ಲ, ಆಕಾಶವು ತೊಳೆದ ತಟ್ಟೆಯಂತಿದೆ; ಆದರೂ ವಿಮಾನವು ಎಗರುತ್ತದೆ. ಇದು ನಿರಭ್ರ ಕ್ಷೋಭೆ. ಭೂಮಿಯಿಂದ ಬಹು ಎತ್ತರದಲ್ಲಿ ನದಿಗಳಂತೆ ಹರಿಯುವ ವೇಗದ ಗಾಳಿಯ ಪ್ರವಾಹಗಳುಂಟು. ಚಳಿಗಾಲದಲ್ಲಿ ಉತ್ತರ ಹಿಂದುಸ್ಥಾನದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವುದು ಒಂದು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ದಕ್ಷಿಣದ ನೆತ್ತಿಯ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದು ಇನ್ನೊಂದು. ಇದನ್ನು ಹವಾಮಾನ ಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಅವರು 1958ರಲ್ಲಿ ಲೋಕಕ್ಕೆ ವಿವರಿಸಿದರು. ಇಂತಹ ವೇಗದ ಪ್ರವಾಹವು ಮಂದವಾದ ಗಾಳಿಯನ್ನು ಉಜ್ಜಿಕೊಂಡು ಹೋಗುವ ಅಂಚಿನಲ್ಲಿ ಸುಳಿಗಳು ಏಳುತ್ತವೆ. ಅಲ್ಲಿ ನೀರ ಹನಿಗಳಿಲ್ಲವಾದ ಕಾರಣ ರೇಡಾರಿಗೆ ಅವು ಕಾಣುವುದಿಲ್ಲ. ಮುಂದೆ ಹೋದ ವಿಮಾನದ ಚಾಲಕನು ತಿಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಕಲಕಾಟದ ಶಾಸ್ತ್ರದಲ್ಲಿ ಕನ್ನಡನಾಡಿಗೆ ಹೆಮ್ಮೆಯ ಸ್ಥಾನವಿದೆ. 1933ರಲ್ಲಿ ಬೆಂಗಳೂರಿನಲ್ಲಿ ಜನಿಸಿ 2020ರಲ್ಲಿ ನಿಧನರಾದ ರೊದ್ದಂ ನರಸಿಂಹ ಅವರು ತಮ್ಮ ಜೀವಮಾನದ ಬಹುಭಾಗವನ್ನು ಇದಕ್ಕೇ ಮುಡಿಪಿಟ್ಟಿದ್ದರು. ನಯವಾಗಿ ಹರಿಯುವ ಗಾಳಿಯು ಕಲಕಿದ ಗಾಳಿಯಾಗಿ ಮಾರ್ಪಡುವುದು ಹೇಗೆಂಬ ಪ್ರಶ್ನೆಯನ್ನು ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ ಧವನರ ಬಳಿ ಆರಂಭಿಸಿ ಕೊನೆಯವರೆಗೂ ಬಿಡಲಿಲ್ಲ. ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರೂ ಆದರು. ಅಂತಹವರು ಅಷ್ಟು ವರ್ಷ ದುಡಿದ ಮೇಲೂ, ಇಂತಹ ಕ್ಷಣದಲ್ಲಿ ಇಂತಹ ಎಡೆಯಲ್ಲಿ ಸುಳಿಯೇಳುವುದೆಂದು ಕರಾರುವಾಕ್ಕಾಗಿ ಮೊದಲೇ ಹೇಳುವ ವಿದ್ಯೆಯು ಲೋಕದಲ್ಲಿ ಯಾರ ಕೈಗೂ ಬಂದಿಲ್ಲ. ವಿದ್ಯೆಯು ಹೀಗೆ ಮುಟ್ಟದೆ ಉಳಿಸಿರುವ ಎಡೆಯನ್ನೇ ಸೊಂಟದ ಪಟ್ಟಿಯು ತುಂಬಬೇಕಾಗಿದೆ.

ಎಂಟು ಕ್ಷಣಗಳ ಪಾಠ

ಮಿತ್ರರಿಗೆ ಬಿದ್ದುದು ಸಣ್ಣ ಪೆಟ್ಟು. ದೊಡ್ಡ ಪೆಟ್ಟು ಹೇಗಿರುತ್ತದೆಂಬುದನ್ನು 2024ರ ಮೇ 21ರ ವರ್ತಮಾನದಿಂದ ತಿಳಿಯಬಹುದು. ಲಂಡನ್ನಿನಿಂದ 211 ಪ್ರಯಾಣಿಕರನ್ನೂ 18 ಮಂದಿ ಸಿಬ್ಬಂದಿಯನ್ನೂ ಹೊತ್ತು ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸಿನ ಬೋಯಿಂಗ್ 777 ವಿಮಾನವು ಬರ್ಮಾ ದೇಶದ ಐರಾವತಿ ನದಿಯ ಬಯಲಿನ ಮೇಲೆ 37,000 ಅಡಿಗಳೆತ್ತರದಲ್ಲಿ ಸಾಗುತ್ತಿತ್ತು. ಬೆಳಗಿನ ಉಪಾಹಾರದ ಹೊತ್ತು. ಹಠಾತ್ತಾಗಿ ಕ್ಷೋಭೆಗೆ ಸಿಕ್ಕಿತು. ಇಂಗ್ಲೆಂಡಿನ 73 ವರ್ಷದ ಪ್ರಯಾಣಿಕರೊಬ್ಬರು ಮೃತರಾದರು. ಹತ್ತಾರು ಮಂದಿಗೆ ತಲೆ, ಕತ್ತು, ಬೆನ್ನೆಲುಬುಗಳಿಗೆ ಪೆಟ್ಟಾಯಿತು. ವಿಮಾನವು ಬ್ಯಾಂಕಾಕಿನಲ್ಲಿ ಇಳಿಯಿತು.

ವಿಮಾನವು ಆರು ಸಾವಿರ ಅಡಿ ಕುಸಿಯಿತೆಂದು ಮೊದಲ ದಿನ ಲೋಕವೆಲ್ಲ ಹಬ್ಬಿತು. ಸಿಂಗಪುರದ ತನಿಖಾಧಿಕಾರಿಗಳು ಯಂತ್ರದ ದಾಖಲೆಗಳನ್ನು ಓದಿ ಆ ತಿಂಗಳ ಕೊನೆಗೇ ತಿಳಿಸಿದ ಸಂಗತಿ ಬೇರೆ. ಆರು ಸಾವಿರ ಅಡಿಗಳನ್ನು ಚಾಲಕರು ತರುವಾಯ ತಾವಾಗಿ ಕ್ರಮದಿಂದ ಇಳಿಸಿದ್ದರು. ಜನರನ್ನು ಎತ್ತಿ ಬಡಿದ ಕುಸಿತವು ಕೇವಲ 178 ಅಡಿಗಳದು. ಆ ಏರುಪೇರೆಲ್ಲ ನಡೆದು ಮುಗಿದದ್ದು ಐದು ಸೆಕೆಂಡುಗಳೊಳಗೆ. ಕೊಲ್ಲುವುದು ಬಿದ್ದ ದೂರವಲ್ಲ, ಬಿದ್ದ ಹಠಾತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಉಚಿತ. ನಾವು ಕುರ್ಚಿಯಲ್ಲಿ ಕುಳಿತಿರುವಾಗ ನಮ್ಮ ತೂಕವು ಕುರ್ಚಿಯನ್ನು ಒತ್ತುತ್ತಿರುತ್ತದೆ. ಕುರ್ಚಿಯು ನಾವು ಬೀಳುವ ವೇಗದಲ್ಲಿಯೇ ಕೆಳಕ್ಕೆ ಸರಿದರೆ ಆ ಒತ್ತಡವು ಇಲ್ಲವಾಗಿ ನಾವು ತೇಲುತ್ತೇವೆ. ಅದಕ್ಕಿಂತ ಬೇಗನೆ ಸರಿದರೆ ನಾವು ಹಿಂದುಳಿಯುತ್ತೇವೆ. ಚಾವಣಿಯೇ ಬಂದು ತಲೆಗೆ ಬಡಿಯುತ್ತದೆ. ಮನುಷ್ಯನು ಹಾರಿ ಚಾವಣಿಯನ್ನು ಹೊಡೆದನೆಂದು ನೋಡುವವರಿಗೆ ತೋರಿದರೂ, ನಿಜವಾಗಿ ವಿಮಾನವು ಅವನನ್ನು ಬಿಟ್ಟು ಕೆಳಗೆ ಹೋಗಿರುತ್ತದೆ. ಆ ದಿನ ಅರ್ಧ ಸೆಕೆಂಡಿಗೆ ತುಸು ಹೆಚ್ಚಿನ ಕಾಲದಲ್ಲಿ ಈ ಒತ್ತಡವು ತೂಕದ ಒಂದೂಕಾಲು ಪಟ್ಟಿಗಿಂತ ಮೇಲಿನಿಂದ ತಲೆಕೆಳಗಾಗಿ ಒಂದೂವರೆ ಪಟ್ಟಿಗೆ ತಿರುಗಿತು. ಅಂದರೆ 60 ಕಿಲೋಗ್ರಾಂ ತೂಕದ ಮನುಷ್ಯನು 90 ಕಿಲೋಗ್ರಾಂ ತೂಕದವನಂತೆ ಚಾವಣಿಯ ಕಡೆಗೆ ಬಿದ್ದನು. ನಾಲ್ಕು ಸೆಕೆಂಡು ಕಳೆಯುವಷ್ಟರಲ್ಲಿ ಒತ್ತಡವು ಮತ್ತೆ ತಿರುಗಿ, ಮೇಲೆ ಹೋದವರನ್ನೆಲ್ಲ ಕೈಯಾನಿಕೆಗಳ ಮೇಲೂ ನಡುಹಾದಿಯ ಮೇಲೂ ಕೆಡವಿತು.

ಇನ್ನು ಮುಖ್ಯವಾದ ಸಂಗತಿ. ವಿಮಾನವು ಸಣ್ಣಗೆ ನಡುಗಲಾರಂಭಿಸಿದುದನ್ನು ಕಂಡು ಚಾಲಕರು ಪಟ್ಟಿಯ ದೀಪವನ್ನು ಬೆಳಗಿಸಿದರು. ದೀಪ ಬೆಳಗಿದೆಯೆಂದು ಚಾಲಕನು ನುಡಿದುದಕ್ಕೂ ಪೆಟ್ಟು ಬಿದ್ದುದಕ್ಕೂ ನಡುವೆ ಇದ್ದ ಅಂತರ ಎಂಟು ಸೆಕೆಂಡು. ಎಂಟು ಸೆಕೆಂಡುಗಳಲ್ಲಿ ನಿದ್ರಿಸುತ್ತಿದ್ದವನು ಏಳಬೇಕು, ದೀಪವನ್ನು ನೋಡಬೇಕು, ಹೊದಿಕೆಯಡಿಯಲ್ಲಿ ಪಟ್ಟಿಯ ಎರಡು ತುದಿಗಳನ್ನು ಹುಡುಕಬೇಕು, ಸೇರಿಸಬೇಕು, ಬಿಗಿಯಬೇಕು. ಶೌಚಗೃಹದಿಂದ ಹಿಂದಿರುಗುತ್ತಿದ್ದವನ ಪಾಡನ್ನು ಕೇಳುವುದೇ ಬೇಡ. ದೀಪವು ಬೆಳಗಿದ ಮೇಲೆ ಕಟ್ಟಿಕೊಳ್ಳುವೆನೆನ್ನುವವನು ಹಳ್ಳಕ್ಕಿಳಿದ ಮೇಲೆ ಹಗ್ಗ ಹುಡುಕುವ ಗಾಡಿಯವನು.

ನಮ್ಮ ದೇಶದ ಆಕಾಶದಲ್ಲಿಯೂ ಇಂತಹುದು ನಡೆದಿದೆ. 2022ರ ಮೇ 1ರಂದು ಮುಂಬಯಿಯಿಂದ ಬಂಗಾಳದ ದುರ್ಗಾಪುರಕ್ಕೆ ಹೋಗುತ್ತಿದ್ದ ಸ್ಪೈಸ್‌ಜೆಟ್ ವಿಮಾನವು ಇಳಿಯುವ ಹಾದಿಯಲ್ಲಿ ತೀವ್ರವಾದ ಕ್ಷೋಭೆಗೆ ಸಿಕ್ಕಿ ಅನೇಕ ಪ್ರಯಾಣಿಕರೂ ಸಿಬ್ಬಂದಿಯೂ ಗಾಯಗೊಂಡರು. ಬೆನ್ನೆಲುಬಿಗೆ ಪೆಟ್ಟುಬಿದ್ದಿದ್ದ ಪ್ರಯಾಣಿಕರೊಬ್ಬರು ತಿಂಗಳುಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ದೀಪವು ಬೆಳಗಿತ್ತು, ಕುಳಿತೇ ಇರಬೇಕೆಂದು ಮತ್ತೆ ಮತ್ತೆ ಹೇಳಿದ್ದೆವು ಎಂದು ಆ ಸಂಸ್ಥೆಯವರು ತಿಳಿಸಿದರು. ಸಿಂಗಪುರದ ವಿಮಾನದಲ್ಲಿ ಎಚ್ಚರಿಕೆಗೆ ಹೊತ್ತಿರಲಿಲ್ಲ. ಇಲ್ಲಿ ಸಂಸ್ಥೆಯವರ ಮಾತಿನಂತೆ ಹೊತ್ತೂ ಇತ್ತು, ಎಚ್ಚರಿಕೆಯೂ ಇತ್ತು. ಎರಡು ಬಗೆಯಲ್ಲಿಯೂ ಮೊದಲೇ ಬಿಗಿದ ಪಟ್ಟಿಗೆ ಸಮನಾದ ರಕ್ಷಣೆ ಬೇರೊಂದಿಲ್ಲ.

ಅಂಜಿಕೆ ಬೇಡ, ಎಚ್ಚರ ಬೇಕು

ಇದನ್ನೋದಿದವರು ವಿಮಾನವನ್ನೇ ಬಿಟ್ಟು ರೈಲು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕ್ಷೋಭೆಯಿಂದ ವಿಮಾನವು ಮುರಿದು ಬೀಳುವುದೆಂಬ ಭಯವು ಇಂದಿನ ದೊಡ್ಡ ವಿಮಾನಗಳ ವಿಷಯದಲ್ಲಿ ಬಹುಮಟ್ಟಿಗೆ ನಿರಾಧಾರವಾದುದು. ರೆಕ್ಕೆಗಳನ್ನು ಬಿದಿರಿನ ಗಳುವಿನಂತೆ ಬಾಗಿ ನಿಮಿರುವ ಹಾಗೆಯೇ ಮಾಡಿರುತ್ತಾರೆ. ಕಿಟಕಿಯಿಂದ ಅವು ಅಲುಗುವುದನ್ನು ಕಂಡು ಹೆದರುವವರು, ಅಲುಗದಿದ್ದರೆ ಹೆದರಬೇಕೆಂಬುದನ್ನು ತಿಳಿಯತಕ್ಕದ್ದು. ಕ್ಷೋಭೆಯೊಂದರಿಂದಲೇ ಪ್ರಾಣ ಹೋಗುವುದು ಅತಿ ವಿರಳ. ಆದರೆ ಕೈಕಾಲು ಮುರಿಯುವುದು, ಬೆನ್ನೆಲುಬು ನಲುಗುವುದು ಅಷ್ಟು ವಿರಳವಲ್ಲ. ಅಮೆರಿಕ ದೇಶದ ಸಾರಿಗೆ ಸುರಕ್ಷಾ ಮಂಡಲಿಯು 2009ರಿಂದ 2018ರವರೆಗಿನ ಲೆಕ್ಕವನ್ನು ತೆಗೆದು, ಅಲ್ಲಿನ ದೊಡ್ಡ ವಿಮಾನ ಸಂಸ್ಥೆಗಳ ಅಪಘಾತಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು ಕ್ಷೋಭೆಗೆ ಸಂಬಂಧಿಸಿದವೆಂದು ಕಂಡುಕೊಂಡಿತು. ತೀವ್ರವಾಗಿ ಗಾಯಗೊಂಡವರಲ್ಲಿ ಬಹುಪಾಲು ಗಗನಸಖಿಯರು ಮತ್ತು ಇತರ ಸಿಬ್ಬಂದಿ; ನಮಗೆ ನೀರು ಕೊಡಲೆಂದು ನಿಂತಿರುವವರು ಅವರಲ್ಲವೇ! ಉಳಿದ ಪ್ರಯಾಣಿಕರಲ್ಲಿ ಹೆಚ್ಚಿನವರು ಪಟ್ಟಿ ಕಟ್ಟದೆ ಇದ್ದವರು.

ಮುಂದಿನ ದಿನಗಳಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿ ಬೇಕಾಗುವ ಲಕ್ಷಣಗಳಿವೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ಪರಿಶೋಧನೆಯ ಪ್ರಕಾರ, ಉತ್ತರ ಅಟ್ಲಾಂಟಿಕ್ ಸಮುದ್ರದ ಮೇಲಿನ ಒಂದು ಗೊತ್ತಾದ ಎಡೆಯಲ್ಲಿ ತೀವ್ರವಾದ ನಿರಭ್ರ ಕ್ಷೋಭೆಯ ಕಾಲವು 1979ರಿಂದ 2020ರೊಳಗೆ ನೂರಕ್ಕೆ 55ರಷ್ಟು ಹೆಚ್ಚಿತು. ಭೂಮಿಯು ಕಾದಂತೆಲ್ಲ ಮೇಲಿನ ಗಾಳಿಯ ಪ್ರವಾಹಗಳ ಅಂಚುಗಳು ಹೆಚ್ಚು ಕಲಕುತ್ತವೆಂಬುದು ಅವರ ಅಭಿಪ್ರಾಯ.

ಪಟ್ಟಿಯು ಬಂದ ಬಗೆಯೂ ತಿಳಿಯತಕ್ಕುದಾಗಿದೆ. ಅದು ಯಾವ ಸರ್ಕಾರದ ಕಾನೂನಿನಿಂದ ಹುಟ್ಟಿದುದಲ್ಲ. 1910ರಲ್ಲಿ ಅಮೆರಿಕದ ಸೈನ್ಯದ ಬೆಂಜಮಿನ್ ಫುಲಾಯ್ ಎಂಬ ಅಧಿಕಾರಿಯು ರೈಟ್ ಸೋದರರ ವಿಮಾನವನ್ನು ನಡಸಲು ಕಲಿಯುತ್ತಿದ್ದಾಗ ಆಸನದಿಂದ ಎಸೆಯಲ್ಪಡುವುದರಲ್ಲಿದ್ದನು. ನೆಲಕ್ಕಿಳಿದು ನೇರವಾಗಿ ಕುದುರೆಯ ಜೀನು ಹೊಲಿಯುವವರಲ್ಲಿಗೆ ಹೋಗಿ ತೊಗಲಿನ ಪಟ್ಟಿಯೊಂದನ್ನು ಮಾಡಿಸಿಕೊಂಡು ತನ್ನನ್ನು ಆಸನಕ್ಕೆ ಬಿಗಿದುಕೊಂಡನು. ಯಂತ್ರವೇ ಹೊಸದಾಗಿದ್ದ ಕಾಲದಲ್ಲಿ, ಯಾರೂ ಹೇಳದೆ, ಒಂದು ಪೆಟ್ಟಿನಿಂದ ಅವನು ಕಲಿತುದನ್ನು, ನೂರು ವರ್ಷಗಳಿಂದ ಹೇಳಿಸಿಕೊಳ್ಳುತ್ತಿರುವ ನಾವು ಕಲಿಯದಿರುವುದು ಭೂಷಣವಲ್ಲ.

ಆದುದರಿಂದ ಪ್ರಯಾಣಿಕರು ಪಾಲಿಸಬೇಕಾದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕುಳಿತಿರುವಷ್ಟು ಹೊತ್ತೂ, ದೀಪವು ಬೆಳಗಿರಲಿ ಆರಿರಲಿ, ಪಟ್ಟಿಯು ಕಟ್ಟಿಯೇ ಇರಬೇಕು. ಅದು ಹೊಟ್ಟೆಯ ಮೇಲಲ್ಲ, ತೊಡೆಗಳ ಬುಡದಲ್ಲಿ ಸೊಂಟದ ಮೂಳೆಗಳ ಮೇಲೆ ಕೂರಬೇಕು. ಗರ್ಭಿಣಿಯರು ಹೊಟ್ಟೆಯ ಕೆಳಗೆ ಬರುವಂತೆ ಬಿಗಿಯಬೇಕು. ಉಸಿರು ಕಟ್ಟುವಷ್ಟು ಬಿಗಿ ಬೇಡ; ಆದರೆ ಮೈಯು ಆಸನದಿಂದೇಳುವಷ್ಟು ಸಡಿಲವೂ ಕೂಡದು. ಮಲಗುವವರು ಹೊದಿಕೆಯ ಮೇಲೆಯೇ ಪಟ್ಟಿ ಬಿಗಿದರೆ, ಕಟ್ಟಿದೆಯೋ ಇಲ್ಲವೋ ಎಂದು ನೋಡಲು ಗಗನಸಖಿಯು ಎಬ್ಬಿಸಬೇಕಾಗುವುದಿಲ್ಲ. ಕಾರಿನ ಪಟ್ಟಿಯಲ್ಲಿ ಗುಂಡಿಯನ್ನು ಒತ್ತಿ ಬಿಚ್ಚುತ್ತೇವೆ. ವಿಮಾನದ್ದರಲ್ಲಿ ಕೊಂಡಿಯ ಮೇಲಿನ ತಗಡನ್ನು ಎತ್ತಬೇಕು. ಇದನ್ನು ಕುಳಿತ ಕೂಡಲೆ ಎರಡು ಸಾರಿ ಮಾಡಿನೋಡುವುದು ಮೇಲು. ಅವಸರದಲ್ಲಿ ಕಾರಿನ ಅಭ್ಯಾಸದಿಂದ ಗುಂಡಿ ಹುಡುಕಿ ಕಂಗೆಡುವವರುಂಟು. ಎದ್ದು ಹೋಗಬೇಕಾದವರು ಹೋಗಿ ಬೇಗನೆ ಬರಲಿ. ನಡುಹಾದಿಯಲ್ಲಿ ನಿಂತು ಹರಟುವುದು ಬೇಡ.

ಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ತೊಡೆಯ ಮೇಲಿನ ಕೂಸಿಗೆ ತಾಯಿಯ ತೋಳುಗಳೇ ಸಾಕೆಂದು ನಂಬುವುದು ಸಹಜ. ಆದರೆ ತೂಕವು ತಲೆಕೆಳಗಾದ ಕ್ಷಣದಲ್ಲಿ ಎಂತಹ ತಾಯಿಯ ಹಿಡಿತವೂ ನಿಲ್ಲಲಾರದು. ಅದು ಪ್ರೀತಿಯ ಕೊರತೆಯಲ್ಲ, ಸ್ನಾಯುಗಳ ಮಿತಿ. ಶಿಶುಗಳಿಗೆಂದು ಬೇರೆಯ ಸಣ್ಣ ಪಟ್ಟಿಯನ್ನು ಕೊಡುವ ಪದ್ಧತಿಯಿದೆ. ಅದನ್ನು ಕೇಳಿ ಪಡೆಯಬೇಕು. ಅನುಕೂಲವುಳ್ಳವರು ಮಗುವಿಗೆ ಬೇರೆ ಆಸನವನ್ನೇ ಕೊಂಡು ಅದಕ್ಕೆ ತಕ್ಕ ಕೂರುಸಾಧನದಲ್ಲಿ ಕೂರಿಸುವುದು ಎಲ್ಲಕ್ಕಿಂತ ಕ್ಷೇಮವೆಂದು ವಿಮಾನಶಾಸ್ತ್ರಜ್ಞರು ಹೇಳುತ್ತಾರೆ.

ಹಣೆಯಲ್ಲಿ ಬರೆದುದು ಪಟ್ಟಿಯಿಂದ ತಪ್ಪೀತೇ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ನಮ್ಮ ಉತ್ತರವು ಸರಳವಾದುದು. ಮನೆಗೆ ಬೀಗ ಹಾಕುವಾಗ ಅವರು ಹಣೆಯ ಬರಹವನ್ನು ನೆನೆಯುವುದಿಲ್ಲ. ಇನ್ನೊಂದು ಮಾತು. ಕಟ್ಟದವನು ತನಗೊಬ್ಬನಿಗೇ ಅಪಾಯ ತಂದುಕೊಳ್ಳುವುದಿಲ್ಲ. ಹಾರಿದ ಮೈಯು ಬೀಳುವುದು ಕಟ್ಟಿಕೊಂಡು ಕುಳಿತ ನೆರೆಯವನ ಮೇಲೆ, ಅವನ ಕೂಸಿನ ಮೇಲೆ. ಆದಕಾರಣ ಇದು ಸ್ವಂತ ಇಚ್ಛೆಯ ವಿಷಯವಲ್ಲ, ಪೌರಧರ್ಮದ ವಿಷಯ.

ನಮ್ಮ ನೆಲದ ಹಕ್ಕು

ಈ ಮಾತನ್ನು ಚಳ್ಳಕೆರೆ ಮೊಳಕಾಲ್ಮೂರುಗಳ ಹೆಸರೆತ್ತಿ ಹೇಳುವುದಕ್ಕೆ ಕಾರಣವುಂಟು. ವಿಮಾನವಿದ್ಯೆಯು ನಮ್ಮ ನೆಲಕ್ಕೆ ದೂರದ ನೆಂಟನಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಹುಲ್ಲುಗಾವಲಿನಿಂದ ಸುಮಾರು 4,290 ಎಕರೆಗಳನ್ನು ದೇಶರಕ್ಷಣೆಯ ಸಂಶೋಧನಾ ಇಲಾಖೆಗೂ, 1,500 ಎಕರೆಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಗೂ ಕೊಟ್ಟಿದೆ. ದನಕುರಿಗಳ ಮೇವಿನ ನೆಲವು ಹೋಯಿತೆಂದು ಸುತ್ತಲಿನ ಗ್ರಾಮಸ್ಥರು ನ್ಯಾಯಪೀಠದವರೆಗೂ ಹೋದುದನ್ನು ವಾಚಕರು ಮರೆತಿರಲಾರರು. ಆ ನೆಲದಲ್ಲಿ 2017ರ ಮೇ 28ರಂದು ವೈಮಾನಿಕ ಪರೀಕ್ಷಾ ಕ್ಷೇತ್ರವು ಉದ್ಘಾಟನೆಯಾಯಿತು. ಅಲ್ಲಿಯೇ 2024ರ ಜೂನ್ 23ರ ಬೆಳಿಗ್ಗೆ ಬಾಹ್ಯಾಕಾಶ ಸಂಸ್ಥೆಯವರು ಪುಷ್ಪಕವೆಂಬ ಮನುಷ್ಯರಹಿತ ಯಾನವನ್ನು ಮೂರನೆಯ ಬಾರಿಗೆ ಇಳಿಸಿದರು. ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೆಳಗೆ ಬಿಟ್ಟಿತು. ಹಿಂದಿನ ಎರಡು ಬಾರಿಗಿಂತ ಗಾಳಿಯು ಬಿರುಸಾಗಿತ್ತು. ಆದರೂ ಯಾನವು ಕ್ಷಣಕ್ಷಣವೂ ತನ್ನನ್ನು ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುದಾರಿಯನ್ನು ಮುಟ್ಟಿತು.

ಗಾಳಿಯ ಪ್ರತಿ ಪೆಟ್ಟಿಗೂ ತನ್ನನ್ನು ತಿದ್ದಿಕೊಳ್ಳುವ ಯಂತ್ರವನ್ನು ನಮ್ಮ ದೇಶದವರು ಮಾಡಿದ್ದಾರೆ. ಮನುಷ್ಯನ ಮೈಗೆ ಆ ಶಕ್ತಿಯಿಲ್ಲ. ಅವನಿಗಿರುವುದು ಎರಡು ಅಂಗುಲ ಅಗಲದ ಪಟ್ಟಿ. ಮೊಳಕಾಲ್ಮೂರಿನ ಜಟಿಂಗ ರಾಮೇಶ್ವರದ ಬೆಟ್ಟವನ್ನು ಜಟಾಯುವು ರಾವಣನೊಡನೆ ಹೋರಾಡಿ ರೆಕ್ಕೆ ಕಳೆದುಕೊಂಡು ಬಿದ್ದ ಸ್ಥಳವೆಂದು ನಮ್ಮ ಹಿರಿಯರು ತೋರಿಸುತ್ತಾರೆ. ಆಕಾಶದಿಂದ ಬೀಳುವುದರ ನೋವು ಏನೆಂಬುದನ್ನು ಆ ಬೆಟ್ಟದ ನೆರಳಿನಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ.

ನೆಲವನ್ನು ಕೊಟ್ಟ ಜನರಿಗೆ ಆ ನೆಲದಲ್ಲಿ ಬೆಳೆಯುವ ವಿದ್ಯೆಯ ಫಲವು ಅವರ ನುಡಿಯಲ್ಲಿ ತಲಪಬೇಕೆಂಬುದು ನಮ್ಮ ಬೇಡಿಕೆ. ನಿಲ್ದಾಣಗಳಲ್ಲಿ ಮೊದಲು ಸ್ಥಳೀಯ ಭಾಷೆಯಲ್ಲಿ ಘೋಷಣೆಯಾಗಬೇಕೆಂದು ಕೇಂದ್ರ ಸರ್ಕಾರದವರು 2018ರಲ್ಲಿ ಸೂಚಿಸಿದರು, ಸಂತೋಷ. ಆದರೆ ನಿಲ್ದಾಣದಲ್ಲಿ ತಿಳಿಯದ ಮಾತಿನಿಂದ ವಿಮಾನ ತಪ್ಪೀತು. ವಿಮಾನದೊಳಗೆ ತಿಳಿಯದ ಮಾತಿನಿಂದ ಪ್ರಾಣವೇ ತಪ್ಪೀತು. ಕನ್ನಡನಾಡಿನಿಂದ ಹೊರಡುವ, ಕನ್ನಡನಾಡಿಗೆ ಬರುವ ಪ್ರತಿಯೊಂದು ವಿಮಾನದಲ್ಲಿಯೂ ಪಟ್ಟಿಯ ಸೂಚನೆಯನ್ನು ಕನ್ನಡದಲ್ಲಿಯೂ ಹೇಳಬೇಕು. ಕೆಲವು ಕಡೆ ಹೇಳುತ್ತಾರೆ, ಕೆಲವು ಕಡೆ ಇಲ್ಲ. ನಮ್ಮ ಮಿತ್ರರು ಕುಳಿತಿದ್ದ ವಿಮಾನದಲ್ಲಿ ಹೇಳಲಿಲ್ಲ. "ಕುಳಿತಿರುವಷ್ಟು ಹೊತ್ತೂ ಪಟ್ಟಿ ಬಿಗಿದಿರಲಿ" ಎಂಬ ನಾಲ್ಕು ಮಾತುಗಳನ್ನು ಕಲಿಯುವುದು ಯಾವ ಗಗನಸಖಿಗೂ ಭಾರವಾಗಲಾರದು.

ಅಧಿಕಾರಿವರ್ಗದವರಿಗೆ ಒಂದು ಹಳೆಯ ಮೇಲ್ಪಂಕ್ತಿಯನ್ನು ತೋರಿಸಬಯಸುತ್ತೇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಮೇಲಿನ ಕಚೇರಿಯಿಂದ ಸ್ಥಳದ ಅಧಿಕಾರಿಗಳಿಗೆ, ಕ್ಷೇಮವನ್ನು ವಿಚಾರಿಸಿ ಬರೆದ ಆಜ್ಞೆಯದು. ಪ್ರಾಕೃತದಲ್ಲಿದ್ದ ಆ ಮಾತನ್ನು ಈ ಸೀಮೆಯ ಜನರಿಗೆ ಅವರ ನುಡಿಯಲ್ಲಿ ತಿಳಿಯಹೇಳುವ ಹೊಣೆಯು ಆ ಮಹಾಮಾತ್ರರ ಮೇಲೆಯೇ ಇದ್ದಿರಬೇಕು. ಬಂಡೆಯ ಮೇಲೆ ಬರೆದ ಮಾತ್ರಕ್ಕೆ ಆಜ್ಞೆಯು ಜನರ ಮನಸ್ಸಿಗಿಳಿಯುವುದಿಲ್ಲ. ನಡುವೆ ಒಬ್ಬನು ನಿಂತು ಹೇಳಬೇಕು. ಇಂದಿನ ಮಹಾಮಾತ್ರರೂ ಅದನ್ನು ಮಾಡಲಿ. ಟಿಕೆಟ್ಟು ಮಾಡಿಕೊಡುವ ಅಂಗಡಿಗಳಲ್ಲಿ ಕನ್ನಡದ ಸೂಚನಾಪತ್ರವನ್ನು ತೂಗಿಸಬಹುದು. ಯಾತ್ರೆಗೆ ಜನರನ್ನು ಕರೆದೊಯ್ಯುವ ಸಂಘಗಳವರು ಹೊರಡುವ ಹಿಂದಿನ ದಿನ ಪಟ್ಟಿಯ ಬಳಕೆಯನ್ನು ಮಾಡಿ ತೋರಿಸಬಹುದು. ಶಾಲೆಗಳಲ್ಲಿ ಉಪಾಧ್ಯಾಯರು ಸುಂಟರಗಾಳಿಯ ಪಾಠದ ಜೊತೆಗೆ ಇದನ್ನೂ ಹೇಳಬಹುದು. ಹೆಚ್ಚು ಹಣ ಬೇಡ, ಹೊಸ ಕಾನೂನು ಬೇಡ.

ಸರ್ಕಾರದ ಖರ್ಚಿನಲ್ಲಿ ಹಾರುವ ಅಧಿಕಾರಿಗಳೂ ಜನಪ್ರತಿನಿಧಿಗಳೂ ತಾವೇ ಮೊದಲು ಮಾದರಿಯಾಗಲಿ. ದೀಪ ಆರಿದೊಡನೆ ಕೊಂಡಿಯನ್ನು ಬಿಚ್ಚಿ ಕೈಕಾಲು ನೀಡುವುದು ಅನುಭವದ ಗುರುತೆಂದು ಅವರಲ್ಲಿ ಕೆಲವರು ತಿಳಿದಂತಿದೆ. ಸಾವಿರಾರು ಗಂಟೆ ಹಾರಿದ ಚಾಲಕನು ತನ್ನ ಆಸನದಲ್ಲಿ ಪಟ್ಟಿಯನ್ನು ಬಿಚ್ಚದೆ ಕುಳಿತಿರುತ್ತಾನೆ. ಅನುಭವದ ಗುರುತು ಯಾವುದೆಂಬುದನ್ನು ಅವನಿಂದ ಕಲಿಯಲಿ.

ನಮ್ಮ ಮಿತ್ರರ ಕತ್ತು ಈಗ ಸರಿಯಾಗಿದೆ. ಕಾರ್ತೀಕದಲ್ಲಿ ಮತ್ತೊಂದು ಪ್ರದರ್ಶನಕ್ಕೆ ವಿಮಾನದಲ್ಲಿಯೇ ಹೋಗಿಬಂದರು. ಪಟ್ಟಿಯನ್ನು ಎಲ್ಲಿಯವರೆಗೆ ಕಟ್ಟಿದ್ದಿರಿ ಎಂದು ಕೇಳಿದೆವು. "ಸೀರೆಯ ಗಂಟನ್ನು ಅಂಗಡಿಯಲ್ಲಿ ಬಿಗಿದರೆ ಗಿರಾಕಿಯ ಮುಂದೆ ಬಿಚ್ಚುತ್ತೇವೆ, ಹಾದಿಯಲ್ಲಿ ಬಿಚ್ಚುತ್ತೇವೆಯೇ ಸ್ವಾಮಿ?" ಎಂದರು. ಇದಕ್ಕಿಂತ ಹೆಚ್ಚಾಗಿ ನಾವು ಹೇಳಬೇಕಾದುದೇನೂ ಇಲ್ಲ.